ಬಯಲುಸೀಮೆಯ ದಾರಿಯಲ್ಲಿ ಜೀಪು ಕೈಕೊಟ್ಟಾಗ: ನೀವೇ ಮಾಡಿಕೊಳ್ಳುವ ರಿಪೇರಿ

ಹೊಸದುರ್ಗದ ಕಡೆ ಒಂದು ಗುಡ್ಡ. ಏಪ್ರಿಲ್ ತಿಂಗಳು, ಮಧ್ಯಾಹ್ನ ಒಂದು ಗಂಟೆ. ಗಾಳಿಯಂತ್ರ ನಿಲ್ಲಿಸಲು ಮಾಡಿದ್ದ ಮಣ್ಣು ರಸ್ತೆಯಲ್ಲಿ ನನ್ನ ಹಳೇ ಡೀಸೆಲ್ ಜೀಪು ಹತ್ತುತ್ತಿತ್ತು. ಇದ್ದಕ್ಕಿದ್ದಂತೆ ಬಾನೆಟ್ ಸಂದಿಯಿಂದ ಹಬೆ ಎದ್ದಿತು. ಜೊತೆಗೆ ಪಾಕದಂಥ ಸಿಹಿ ವಾಸನೆ. ಮೊಬೈಲಿನಲ್ಲಿ ಸಿಗ್ನಲ್ ಇಲ್ಲ. ಕೆಳಗಿನ ಊರು ಆರು ಕಿಲೋಮೀಟರ್ ದೂರ. ಆವತ್ತು ನನ್ನನ್ನು ಮನೆ ಮುಟ್ಟಿಸಿದ್ದು ಸೀಟಿನ ಕೆಳಗಿದ್ದ ಒಂದು ಮೊಳ ಸೈಕಲ್ ಟ್ಯೂಬು, ಮತ್ತೆ ಕುರಿ ಮೇಯಿಸುತ್ತಿದ್ದ ಅಜ್ಜ ತನ್ನ ಕ್ಯಾನಿನಿಂದ ಸುರಿದುಕೊಟ್ಟ ನೀರು.

ಅಲ್ಲಿಂದ ಈಚೆಗೆ ನಾನು ಒಂದು ವಿಷಯ ಗಟ್ಟಿಯಾಗಿ ನಂಬಿದ್ದೇನೆ. ದಾರಿಯಲ್ಲಿ ಮಾಡುವ ರಿಪೇರಿಗೆ ಒಂದೇ ಗುರಿ, ಗಾಡಿ ತನ್ನ ಚಕ್ರದ ಮೇಲೆ ಊರು ಸೇರಬೇಕು. ಅಚ್ಚುಕಟ್ಟಾದ ಕೆಲಸ ಊರಲ್ಲಿ ಮೇಸ್ತ್ರಿ ಮುಂದೆ ನಿಂತು ಮಾಡಿಸಿದರಾಯಿತು. ಗುಡ್ಡದ ಮೇಲೆ ಬೇಕಾಗುವುದು ನಿಧಾನ, ನಾಲ್ಕು ಸಾಮಾನು, ಮತ್ತು ಯಾವುದನ್ನು ಮುಟ್ಟಬಾರದು ಎಂಬ ತಿಳುವಳಿಕೆ.

ಸ್ಪ್ಯಾನರ್ ಹಿಡಿಯುವ ಮುಂಚೆ

ಗಾಡಿ ನಿಂತ ತಕ್ಷಣ ಬಾನೆಟ್ ಎತ್ತಿ ಕೈ ಹಾಕುವುದು ಎಲ್ಲರೂ ಮಾಡುವ ತಪ್ಪು. ಮೊದಲು ಗಾಡಿ ಎಲ್ಲಿ ನಿಂತಿದೆ ನೋಡಿ. ಇಳಿಜಾರಾದರೆ ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿ ಬಿಟ್ಟು, ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ. ಬೇಸಿಗೆಯಲ್ಲಿ ಒಣ ಹುಲ್ಲಿನ ಮೇಲಂತೂ ನಿಲ್ಲಿಸಬೇಡಿ. ಕಾದ ಸೈಲೆನ್ಸರ್ ಪೈಪಿಗೆ ಹುಲ್ಲು ತಾಗಿದರೆ ಗಾಡಿಯ ಜೊತೆ ಗುಡ್ಡವೂ ಉರಿಯುತ್ತದೆ. ಚಿತ್ರದುರ್ಗದ ಪಕ್ಕದ ಕಾಡುಗುಡ್ಡ ಜೋಗಿಮಟ್ಟಿಯಂಥ ಜಾಗದಲ್ಲಿ ಇದು ಬಹಳ ದೊಡ್ಡ ಮಾತು. ಅಲ್ಲಿಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹೋಗಬೇಡಿ, ಅನುಮತಿ ಸಿಕ್ಕ ಮೇಲೂ ದಾರಿ ಬಿಟ್ಟು ಇಳಿಯಬೇಡಿ.

ಆಮೇಲೆ ಮೂಗು ಮತ್ತು ಕಿವಿಗೆ ಕೆಲಸ ಕೊಡಿ. ಸಿಹಿ ವಾಸನೆ ಬಂದರೆ ಕೂಲೆಂಟ್, ಅಂದರೆ ಎಂಜಿನ್ ತಂಪು ಮಾಡುವ ದ್ರವ, ಸೋರುತ್ತಿದೆ. ಸುಟ್ಟ ಕಾಗದದಂಥ ವಾಸನೆ ಕ್ಲಚ್ಚಿನದು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಬ್ಯಾಟರಿ ಜಾಸ್ತಿ ಚಾರ್ಜ್ ಆಗಿ ಕುದಿಯುತ್ತಿದೆ, ಹತ್ತಿರ ಬೆಂಕಿಕಡ್ಡಿ ಗೀರಬೇಡಿ. ಗಾಡಿ ಕೆಳಗೆ ಬಗ್ಗಿ ನೆಲ ನೋಡಿ. ಹಸಿರೋ ಕೆಂಪೋ ಆದ ನೀರಿದ್ದರೆ ಕೂಲೆಂಟು, ಕಪ್ಪಗೆ ಜಿಡ್ಡಿದ್ದರೆ ಎಂಜಿನ್ ಆಯಿಲ್. ಚಕ್ರದ ಒಳಮೈ ಮೇಲೆ ತೆಳ್ಳಗೆ ಎಣ್ಣೆಯಂತೆ ಹರಿದಿದ್ದರೆ ಬ್ರೇಕ್ ಆಯಿಲ್ ಎಂದು ಅನುಮಾನಪಡಿ.

ಕೊನೆಗೆ ಒಂದು ಪ್ರಶ್ನೆ ಕೇಳಿಕೊಳ್ಳಿ. ನಿಲ್ಲುವ ಐದು ನಿಮಿಷ ಮುಂಚೆ ಏನಾಗಿತ್ತು? ಹಳ್ಳ ದಾಟಿದಿರಾ, ಕಲ್ಲಿಗೆ ಬಡಿಯಿತಾ, ಡೀಸೆಲ್ ಹಾಕಿಸಿದಿರಾ? ಹೆಚ್ಚಿನ ಸಲ ಕಾರಣ ಅಲ್ಲೇ ಇರುತ್ತದೆ.

ಚೀಲದಲ್ಲಿ ಏನಿರಬೇಕು

ದುಬಾರಿ ಕಿಟ್ ಬೇಕಾಗಿಲ್ಲ. 8ರಿಂದ 19 ಮಿ.ಮೀ.ವರೆಗಿನ ಸ್ಪ್ಯಾನರ್ ಸೆಟ್ಟು, ಸ್ಕ್ರೂಡ್ರೈವರ್, ಕಟಿಂಗ್ ಪ್ಲೇಯರ್, ಸುತ್ತಿಗೆ, ಒಳ್ಳೆ ಟಾರ್ಚು. ನಿಮ್ಮ ಗಾಡಿಯ ಅಳತೆಯದೇ ಫ್ಯಾನ್ ಬೆಲ್ಟು, ಮೇಲಿನ ಕೆಳಗಿನ ರೇಡಿಯೇಟರ್ ಹೋಸು, ನಾಲ್ಕು ಕ್ಲಿಪ್ಪು, ಡೀಸೆಲ್ ಫಿಲ್ಟರು, ಫ್ಯೂಸುಗಳು. ಹೊಸ ಬೆಲ್ಟು ಹಾಕಿಸಿದಾಗ ಹಳೆಯದು ಇನ್ನೂ ಚೆನ್ನಾಗಿದ್ದರೆ ಎಸೆಯಬೇಡಿ, ಅದೇ ನಿಮ್ಮ ಸ್ಪೇರು. ಇದರ ಜೊತೆ ಸೈಕಲ್ ಟ್ಯೂಬಿನ ತುಂಡು, ಕಟ್ಟುವ ತಂತಿ, ಇನ್ಸುಲೇಷನ್ ಟೇಪು, ಎಂ-ಸೀಲ್, ಹಳೇ ಬಟ್ಟೆ, ಮರಳು ಕಾಗದ. ಹತ್ತು ಲೀಟರ್ ನೀರು ಗಾಡಿಗೆ, ಕುಡಿಯಲು ಬೇರೆ. ಸನಿಕೆ, ಒಂದಡಿ ಚೌಕದ ದಪ್ಪ ಹಲಗೆ, ಗಟ್ಟಿ ಹಗ್ಗ.

ಸ್ಪ್ಯಾನರುಗಳನ್ನು ಒಂದು ಸಲ ಮನೆ ಅಂಗಳದಲ್ಲೇ ಪ್ರಯತ್ನಿಸಿ. ಸ್ಟೆಪ್ನಿ ನಟ್ಟು ನಿಮ್ಮ ವೀಲ್ ಸ್ಪ್ಯಾನರಿಗೆ ಬಿಚ್ಚುತ್ತದಾ, ಜಾಕು ಏಳುತ್ತದಾ ನೋಡಿ. ಜಾಕು ಏಳಲ್ಲ ಅನ್ನೋದು ಗುಡ್ಡದ ಮೇಲೆ ಗೊತ್ತಾಗಬಾರದು.

ಜಾಲಿ ಮುಳ್ಳು ಮತ್ತು ಟೈರು

ನಮ್ಮ ಕಡೆ ಪಂಚರ್‌ಗೆ ಮೊಳೆಗಿಂತ ಮುಳ್ಳು ಜಾಸ್ತಿ ಕಾರಣ. ಬಳ್ಳಾರಿ ಜಾಲಿ ಕಡಿದು ಹೊಲದ ಬೇಲಿಗೆ ಹಾಕಿರುತ್ತಾರೆ, ಒಣಗಿದ ಮುಳ್ಳು ಜಾಡಿನಲ್ಲಿ ಬಿದ್ದಿರುತ್ತದೆ. ಅದು ಚುಚ್ಚಿದ ತಕ್ಷಣ ಗಾಳಿ ಹೋಗುವುದಿಲ್ಲ. ಮುಳ್ಳೇ ತೂತು ಮುಚ್ಚಿಕೊಂಡಿರುತ್ತದೆ. ಹಾಗಾಗಿ ಮುಳ್ಳು ಕಂಡ ಕೂಡಲೇ ಕೀಳಬೇಡಿ. ಟ್ಯೂಬ್‌ಲೆಸ್ ಆದರೆ ಪಂಚರ್ ಕಿಟ್ ಬಿಚ್ಚಿ, ಅದರಲ್ಲಿರುವ ರಬ್ಬರ್ ದಾರವನ್ನು ಕಣ್ಣಿರುವ ಸೂಜಿಗೆ ಪೋಣಿಸಿ ಅಂಟು ಸವರಿ, ಎಲ್ಲ ಸಿದ್ಧ ಮಾಡಿಕೊಂಡ ಮೇಲೆ ಕೀಳಿ. ಅರದಂಥ ಇನ್ನೊಂದು ಸೂಜಿಯನ್ನು ತೂತಿನಲ್ಲಿ ನಾಲ್ಕಾರು ಸಲ ಆಡಿಸಿ ತೆಗೆದು, ಮುಳ್ಳು ಹೋದ ಕೋನದಲ್ಲೇ ದಾರದ ಸೂಜಿ ತಳ್ಳಿ. ಅರ್ಧ ಇಂಚು ಹೊರಗೆ ಉಳಿಯುವಂತೆ ಬಿಟ್ಟು ಸೂಜಿಯನ್ನು ಝಟ್ಟನೆ ಎಳೆಯಿರಿ. ಗಾಳಿ ತುಂಬಿ, ಉಗುಳು ಹಚ್ಚಿ, ಗುಳ್ಳೆ ಬರುತ್ತದಾ ನೋಡಿ. ಟೈರಿನ ಪಕ್ಕದ ಗೋಡೆ ಸೀಳಿದ್ದರೆ ಈ ದಾರ ನಿಲ್ಲುವುದಿಲ್ಲ. ಸ್ಟೆಪ್ನಿಯೇ ಗತಿ.

ಟ್ಯೂಬ್ ಇರುವ ಟೈರಾದರೆ ನೇರವಾಗಿ ಸ್ಟೆಪ್ನಿ ಹಾಕಿ. ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲ ಮಾಡಿ, ಆಮೇಲೆ ಜಾಕು ಏರಿಸಿ. ಮೆತ್ತನೆ ಮಣ್ಣಿನಲ್ಲಿ ಜಾಕಿನ ಕೆಳಗೆ ಹಲಗೆ ಇರಲೇಬೇಕು. ಬಿಚ್ಚಿದ ಚಕ್ರವನ್ನು ಚಾಸಿಯ ಕೆಳಗೆ ಮಲಗಿಸಿಡಿ. ಜಾಕು ಜಾರಿದರೂ ಗಾಡಿ ಅದರ ಮೇಲೆ ಕೂರುತ್ತದೆ, ನಿಮ್ಮ ಕೈ ಮೇಲೆ ಅಲ್ಲ. ಜಾಕಿನ ಆಸರೆಯೊಂದನ್ನೇ ನಂಬಿ ಗಾಡಿ ಕೆಳಗೆ ನುಸುಳಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಕಮ್ಮಿಯೇ. ನಟ್ಟು ಬಿಗಿಯುವಾಗ ಒಂದರ ಪಕ್ಕದ್ದು ಬಿಗಿಯದೆ ಎದುರಿನದು ಬಿಗಿಯಿರಿ. ಐವತ್ತು ಕಿಲೋಮೀಟರ್ ಓಡಿಸಿದ ಮೇಲೆ ಮತ್ತೊಮ್ಮೆ ನೋಡಿ.

ಎಂಜಿನ್ ಕುದಿದಾಗ

ಬಯಲುಸೀಮೆಯ ಬಿಸಿಲಿನಲ್ಲಿ, ಒಂದನೇ ಗೇರಿನಲ್ಲಿ, ನಿಧಾನಕ್ಕೆ ಗುಡ್ಡ ಹತ್ತುವಾಗ ರೇಡಿಯೇಟರಿಗೆ ಗಾಳಿ ಕಮ್ಮಿ ಸಿಗುತ್ತದೆ, ಎಂಜಿನ್‌ಗೆ ಕೆಲಸ ಜಾಸ್ತಿ. ಹಾಗಾಗಿ ಟೆಂಪರೇಚರ್ ಮುಳ್ಳಿನ ಮೇಲೆ ಸದಾ ಕಣ್ಣಿರಲಿ. ಮುಳ್ಳು ಮೇಲೇರುತ್ತಿದ್ದು ನೀರು ಸೋರದಿದ್ದರೆ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಎಂಜಿನ್ ಓಡಲು ಬಿಡಿ, ಹೀಟರ್ ಇದ್ದರೆ ಪೂರ್ತಿ ಹಾಕಿ. ಒಳಗೆ ಸೆಖೆ ಆಗುತ್ತದೆ ನಿಜ, ಆದರೆ ಆ ಬಿಸಿಯೆಲ್ಲ ಎಂಜಿನ್ನಿಂದಲೇ ಬಂದದ್ದು. ಹಬೆ ಎದ್ದರೆ, ನೀರು ಸುರಿಯುತ್ತಿದ್ದರೆ, ಬೆಲ್ಟು ಹರಿದಿದ್ದರೆ ಕೂಡಲೇ ಆಫ್ ಮಾಡಿ.

ರೇಡಿಯೇಟರ್ ಮುಚ್ಚಳ ತೆರೆಯಬೇಡಿ. ಒಳಗೆ ಒತ್ತಡದಲ್ಲಿರುವ ನೀರು 110, 120 ಡಿಗ್ರಿ ತನಕ ಕುದಿಯದೆ ಕೂತಿರುತ್ತದೆ. ಮುಚ್ಚಳ ತಿರುಗಿಸಿದ ಕ್ಷಣ ಒತ್ತಡ ಹೋಗಿ ಅದಷ್ಟೂ ಕುದಿದು ಮುಖಕ್ಕೆ ಎರಚುತ್ತದೆ. ಮುಕ್ಕಾಲು ಗಂಟೆ ಕಾಯಿರಿ. ಮೇಲಿನ ಹೋಸನ್ನು ಬಟ್ಟೆ ಸುತ್ತಿದ ಕೈಯಲ್ಲಿ ಹಿಸುಕಿ ನೋಡಿ. ಕಲ್ಲಿನಂತೆ ಬಿಗಿಯಿದ್ದರೆ ಇನ್ನೂ ಒತ್ತಡವಿದೆ. ಮೆತ್ತಗಾಗಿದ್ದರೆ ದಪ್ಪ ಬಟ್ಟೆ ಹಾಕಿ, ಮುಖ ಆಚೆ ತಿರುಗಿಸಿ, ಮೊದಲ ಹಂತದವರೆಗೆ ತಿರುಗಿಸಿ ಹಬೆ ಹೋಗಲು ಬಿಡಿ. ಕಾದ ಎಂಜಿನ್ ಮೇಲೆ ತಣ್ಣೀರು ಸುರಿಯಬೇಡಿ, ರೇಡಿಯೇಟರ್ ಒಳಗೂ ಒಮ್ಮೆಲೇ ಹಾಕಬೇಡಿ. ಎಂಜಿನ್ನಿನ ಮೇಲ್ಭಾಗದ ಹೆಡ್ಡು ಬಿರುಕು ಬಿಟ್ಟರೆ ಸಾವಿರಗಟ್ಟಲೆ ಖರ್ಚು.

ತಣ್ಣಗಾದ ಮೇಲೆ ಕಾರಣ ಹುಡುಕಿ. ಬೆಲ್ಟನ್ನು ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿ. ಹಳೇ ಗಾಡಿಗಳಲ್ಲಿ ಸುಮಾರು ಒಂದು ಸೆಂಟಿಮೀಟರ್ ಬಗ್ಗಬೇಕು. ಅದಕ್ಕಿಂತ ಬಹಳ ಜಾಸ್ತಿ ಬಗ್ಗಿದರೆ ಬೆಲ್ಟು ಜಾರುತ್ತಿದೆ, ಡೈನಮೋ ಬೋಲ್ಟು ಸಡಿಲಿಸಿ ಹೊರಗೆ ಎಳೆದು ಬಿಗಿಯಿರಿ. ರೇಡಿಯೇಟರ್ ಮುಂಭಾಗದ ಜಾಲರಿ ನೋಡಿ. ಎದೆಯೆತ್ತರದ ಒಣ ಹುಲ್ಲಿನಲ್ಲಿ ಹಾದು ಬಂದಿದ್ದರೆ ಹುಲ್ಲಿನ ಬೀಜ ಕಂಬಳಿಯಂತೆ ಅಂಟಿಕೊಂಡಿರುತ್ತದೆ. ಅದನ್ನು ಎಂಜಿನ್ ಕಡೆಯಿಂದ ಮುಂದಕ್ಕೆ ನೀರು ಚಿಮುಕಿಸಿ ತೆಗೆಯಿರಿ. ಮುಂದಿನಿಂದ ಉಜ್ಜಿದರೆ ಇನ್ನೂ ಒಳಗೆ ಹೋಗುತ್ತದೆ.

ಇನ್ನು ಹೋಸು. ಸೀಳು ಕ್ಲಿಪ್ಪಿನ ಪಕ್ಕದಲ್ಲೇ ಇದ್ದರೆ ಅದೃಷ್ಟ. ಅಷ್ಟನ್ನು ಕತ್ತರಿಸಿ, ಉಳಿದದ್ದನ್ನು ಎಳೆದು ಮತ್ತೆ ಕ್ಲಿಪ್ ಹಾಕಿ. ನನ್ನದು ನಡುವಿನಲ್ಲಿ ಸೀಳಿತ್ತು, ಬ್ರಾಕೆಟ್ಟಿಗೆ ಉಜ್ಜಿ ಉಜ್ಜಿ ಸವೆದ ಜಾಗ. ಆವತ್ತು ಮಾಡಿದ್ದನ್ನು ಹಾಗೇ ಹೇಳುತ್ತೇನೆ. ಹೋಸನ್ನು ಒರೆಸಿ ಒಣಗಿಸಿದೆ. ಜಿಡ್ಡಿದ್ದರೆ ಟ್ಯೂಬು ಜಾರುತ್ತದೆ. ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ಎರಡು ಬೆರಳಗಲದ ಪಟ್ಟಿ ಮಾಡಿಕೊಂಡೆ. ಸೀಳಿಗಿಂತ ಎರಡು ಇಂಚು ಹಿಂದೆ ಶುರು ಮಾಡಿ, ಪಟ್ಟಿಯ ಅಗಲ ಅರ್ಧ ಆಗುವಷ್ಟು ಬಿಗಿಯಾಗಿ ಎಳೆಯುತ್ತಾ ಸುತ್ತಿದೆ. ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧ ಭಾಗದ ಮೇಲೆ ಬೀಳಬೇಕು. ಸೀಳು ದಾಟಿ ಎರಡು ಇಂಚು ಮುಂದೆ ಹೋಗಿ ಮತ್ತೆ ವಾಪಸು ಸುತ್ತಿ ಬಂದೆ. ಎರಡು ತುದಿಗೂ ನಡುವಿಗೂ ಕಟ್ಟುವ ತಂತಿ ಎರಡೆರಡು ಸುತ್ತು ಹಾಕಿ ಪ್ಲೇಯರಿನಿಂದ ತಿರುಚಿದೆ. ರಬ್ಬರು ತಂತಿಯ ಕೆಳಗೆ ಸ್ವಲ್ಪ ತಗ್ಗಿದರೆ ಸಾಕು, ಕೊಯ್ಯುವಷ್ಟು ಬಿಗಿಯಬಾರದು. ನೀರು ತುಂಬಿ ಸ್ಟಾರ್ಟ್ ಮಾಡಿದಾಗ ತುದಿಯಲ್ಲಿ ಒಂದೊಂದೇ ಹನಿ ಕಟ್ಟಿ ಬೀಳುತ್ತಿತ್ತು. ಅಷ್ಟು ಪರವಾಗಿಲ್ಲ.

ಮುಖ್ಯ ಗುಟ್ಟು ಇದರ ನಂತರ ಇದೆ. ಹಳೇ ಮಾದರಿಯ ಮುಚ್ಚಳವನ್ನು ಪೂರ್ತಿ ಬಿಗಿಯದೆ ಮೊದಲ ಹಂತದಲ್ಲೇ ಬಿಡಿ. ಒಳಗೆ ಒತ್ತಡ ಕಟ್ಟದಿದ್ದರೆ ಕಟ್ಟಿದ ಟ್ಯೂಬಿನ ಮೇಲೆ ಭಾರ ಬೀಳುವುದಿಲ್ಲ. ಆದರೆ ಒತ್ತಡ ಇಲ್ಲದ ನೀರು ಬೇಗ ಕುದಿಯುತ್ತದೆ. ಚಿತ್ರದುರ್ಗ ಸಮುದ್ರ ಮಟ್ಟದಿಂದ ಸುಮಾರು 730 ಮೀಟರ್ ಎತ್ತರದಲ್ಲಿದೆ, ಇಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿ ಹತ್ತಿರವೇ ಕುದಿಯುತ್ತದೆ. ಅದಕ್ಕೇ ಮೆಲ್ಲಗೆ ಓಡಿಸಿ, ಐದಾರು ಕಿಲೋಮೀಟರಿಗೊಮ್ಮೆ ನಿಲ್ಲಿಸಿ, ಆರಲು ಬಿಟ್ಟು ನೀರು ನೋಡಿ. ಆರು ಕಿಲೋಮೀಟರ್ ಇಳಿಯಲು ನನಗೆ ಒಂದೂವರೆ ಗಂಟೆ ಹಿಡಿಯಿತು. ಎಂಜಿನ್‌ಗೆ ಏನೂ ಆಗಲಿಲ್ಲ.

ಡೀಸೆಲ್ ಎಂಜಿನ್ ಸ್ಟಾರ್ಟ್ ಆಗದಿದ್ದರೆ

ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ. ಎಂಎಂ 540ನಂಥ ಹಳೇ ಮಹೀಂದ್ರಾ ಜೀಪುಗಳಲ್ಲಿ ಇದಕ್ಕೆ ಮೊದಲ ಅನುಮಾನ ಡೀಸೆಲ್ ಪೈಪಿನೊಳಗೆ ಸೇರಿದ ಗಾಳಿಯ ಮೇಲೆ. ಡೀಸೆಲ್ ಪೂರ್ತಿ ಖಾಲಿಯಾದಾಗ, ಫಿಲ್ಟರ್ ಬದಲಿಸಿದಾಗ, ರಬ್ಬರ್ ಪೈಪು ಬಿರುಕು ಬಿಟ್ಟಾಗ ಗಾಳಿ ಸೇರಿಕೊಳ್ಳುತ್ತದೆ. ಸುಮ್ನೆ ಸೆಲ್ಫ್ ಹೊಡೆಯುತ್ತಾ ಕೂತರೆ ಬ್ಯಾಟರಿಯೂ ಹೋಗುತ್ತದೆ. ಹೀಗೆ ಮಾಡಿ:

1. ಟ್ಯಾಂಕಿನಲ್ಲಿ ಡೀಸೆಲ್ ಇದೆಯಾ ನೋಡಿ. ಮೀಟರ್ ನಂಬಬೇಡಿ, ಇಳಿಜಾರಿನಲ್ಲಿ ಸುಳ್ಳು ಹೇಳುತ್ತದೆ.

2. ಫಿಲ್ಟರ್ ತಳದ ಸ್ಕ್ರೂ ಸಡಿಲಿಸಿ, ಕತ್ತರಿಸಿದ ನೀರಿನ ಬಾಟಲಿಯಲ್ಲಿ ಸ್ವಲ್ಪ ಹಿಡಿಯಿರಿ. ನೀರು ಇದ್ದರೆ ತಳದಲ್ಲಿ ಗೋಲಿಯಂತೆ ಬೇರೆಯಾಗಿ ನಿಲ್ಲುತ್ತದೆ. ಬರೀ ಡೀಸೆಲ್ ಬರುವ ತನಕ ಬಿಡಿ.

3. ಫಿಲ್ಟರಿನ ತಲೆಯ ಮೇಲಿರುವ ಸಣ್ಣ ಸ್ಕ್ರೂವನ್ನು ಎರಡು ಸುತ್ತು ಸಡಿಲಿಸಿ, ಕೈ ಪಂಪು ಒತ್ತುತ್ತಾ ಹೋಗಿ. ಮೊದಲು ಬುಸ್ ಎಂದು ಬರೀ ಗಾಳಿ. ಆಮೇಲೆ ಕರೆದ ಹಾಲಿನ ನೊರೆಯಂತೆ ಡೀಸೆಲ್ ಉಕ್ಕುತ್ತದೆ. ಇಲ್ಲಿ ಬಹಳ ಜನ ನಿಲ್ಲಿಸಿಬಿಡುತ್ತಾರೆ. ನಿಲ್ಲಿಸಬೇಡಿ. ನೊರೆ ಹೋಗಿ, ಗುಳ್ಳೆ ಹೋಗಿ, ತಿಳಿಯಾದ ಡೀಸೆಲ್ ಎಳೆಯಾಗಿ ಹರಿಯಬೇಕು. ಪಂಪ್ ಒತ್ತುತ್ತಿರುವಾಗಲೇ ಸ್ಕ್ರೂ ಬಿಗಿಯಿರಿ.

4. ಇಂಜೆಕ್ಷನ್ ಪಂಪಿನ ಮೇಲೂ ಇಂಥದ್ದೇ ಸ್ಕ್ರೂ ಇರುತ್ತದೆ, ಅಲ್ಲೂ ಹೀಗೇ ಮಾಡಿ.

5. ಆಗಲೂ ಹಿಡಿಯದಿದ್ದರೆ ಇಂಜೆಕ್ಟರ್ ತಲೆಯ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ, ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. ಡೀಸೆಲ್ ಚಿಮ್ಮಿದ ಹಾಗೆ ಒಂದೊಂದೇ ಬಿಗಿಯಿರಿ. ಬೆರಳು ದೂರ ಇರಲಿ, ಕಣ್ಣಿಗೆ ಕನ್ನಡಕ ಇರಲಿ.

ಈಗ ಒಂದು ಎಚ್ಚರಿಕೆ. ಗಾಡಿಯ ಮೇಲೆ ಸಿಆರ್‌ಡಿಇ ಎಂದು ಬರೆದಿದ್ದರೆ, ಅಂದರೆ ಕಾಮನ್ ರೈಲ್ ಎಂಜಿನ್ ಆಗಿದ್ದರೆ, ಐದನೇ ಕೆಲಸ ಮಾಡಲೇಬೇಡಿ. ಅದರ ಸ್ಟೀಲ್ ಪೈಪುಗಳಲ್ಲಿ 1000 ಬಾರ್‌ಗೂ ಮೇಲಿನ ಒತ್ತಡ ಇರುತ್ತದೆ. ಟೈರಿನ ಗಾಳಿ ಎರಡು ಬಾರ್ ಇರುತ್ತದಲ್ವಾ, ಅದಕ್ಕೆ ಹೋಲಿಸಿ ನೋಡಿ. ಸೂಜಿ ಮೊನೆಯಷ್ಟು ಸೋರಿಕೆಯೂ ಚರ್ಮ ಸೀಳಿ ಮೈಯೊಳಗೆ ಡೀಸೆಲ್ ತುಂಬುತ್ತದೆ. ಹಾಗೇನಾದರೂ ಆದರೆ ಗಾಯ ಚಿಕ್ಕದೆಂದು ಸುಮ್ಮನಿರದೆ ನೇರ ಆಸ್ಪತ್ರೆಗೆ ಹೋಗಿ. ಈ ಎಂಜಿನ್‌ಗಳಲ್ಲಿ ಫಿಲ್ಟರ್ ನೀರು ತೆಗೆಯುವುದು, ಕೈ ಪಂಪು ಇದ್ದರೆ ಒತ್ತುವುದು, ಇಷ್ಟೇ ನಮ್ಮ ಕೆಲಸ.

ಪೆಟ್ರೋಲಿನ ಮಾರುತಿ ಜಿಪ್ಸಿ ಇರುವವರು ಚಾವಿ ಆನ್ ಮಾಡಿದಾಗ ಹಿಂದೆ ಟ್ಯಾಂಕಿನಲ್ಲಿ ಪಂಪು ಎರಡು ಸೆಕೆಂಡ್ ಗುಂಯ್‌ಗುಡುತ್ತದಾ ಕೇಳಿ. ಇಲ್ಲದಿದ್ದರೆ ಫ್ಯೂಸು, ರಿಲೇ ನೋಡಿ. ಇದು ಇಂಜೆಕ್ಷನ್ ಜಿಪ್ಸಿಯ ಮಾತು, ಕಾರ್ಬ್ಯುರೇಟರ್ ಇರುವ ಹಳೇ ಜಿಪ್ಸಿಗೆ ಅಲ್ಲ.

ಕರೆಂಟಿನ ತಕರಾರು

ಚಾವಿ ತಿರುಗಿಸಿದರೆ ಬರೀ ಟಕ್ ಎನ್ನುತ್ತದೆ. ಮೊದಲು ಬ್ಯಾಟರಿ ಟರ್ಮಿನಲ್ ಹಿಡಿದು ಅಲ್ಲಾಡಿಸಿ. ಕಲ್ಲು ದಾರಿಯ ಕುಲುಕಾಟಕ್ಕೆ ಅದು ಸಡಿಲವಾಗಿರುವುದೇ ಹೆಚ್ಚು. ಬಿಳಿ ಹಸಿರು ಪುಡಿ ಕಟ್ಟಿದ್ದರೆ ಬಿಚ್ಚಿ, ಮರಳು ಕಾಗದದಿಂದ ಹೊಳೆಯುವಂತೆ ಉಜ್ಜಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಎಂಜಿನ್ನಿಂದ ಚಾಸಿಗೆ ಹೋಗುವ ಅರ್ಥ್ ಪಟ್ಟಿಯನ್ನೂ ಮರೆಯದೆ ನೋಡಿ, ಮಣ್ಣು ತುಂಬಿ ತುಕ್ಕು ಹಿಡಿದಿರುತ್ತದೆ. ಮೀಟರ್ ಇದ್ದರೆ ನಿಂತ ಬ್ಯಾಟರಿಯಲ್ಲಿ 12.6 ವೋಲ್ಟ್ ಇರಬೇಕು, ಎಂಜಿನ್ ಓಡುವಾಗ 13.8ರಿಂದ 14.4. ಓಡುವಾಗಲೂ 12ರ ಹತ್ತಿರವೇ ನಿಂತರೆ ಡೈನಮೋ ಚಾರ್ಜ್ ಮಾಡುತ್ತಿಲ್ಲ.

ಬೇರೆ ಗಾಡಿಯಿಂದ ಜಂಪ್ ಮಾಡುವಾಗ ಪ್ಲಸ್ಸಿಗೆ ಪ್ಲಸ್ಸು, ಆಮೇಲೆ ಒಳ್ಳೆ ಬ್ಯಾಟರಿಯ ಮೈನಸ್ಸು. ಕೊನೆಯ ತುದಿಯನ್ನು ನಿಂತ ಗಾಡಿಯ ಬ್ಯಾಟರಿಗೆ ಕೊಡದೆ ಎಂಜಿನ್ನಿನ ಬರಿಯ ಕಬ್ಬಿಣಕ್ಕೆ ಕೊಡಿ, ಕಿಡಿ ಬ್ಯಾಟರಿಯಿಂದ ದೂರ ಹಾರಲಿ. ಫ್ಯೂಸ್ ಹೋದರೆ ಅದೇ ಆಂಪಿಯರಿನದು ಹಾಕಿ. ಸಿಗರೇಟಿನ ಬೆಳ್ಳಿ ಕಾಗದ, ತಂತಿ ಸುತ್ತುವವರನ್ನು ನೋಡಿದ್ದೇನೆ. ವೈರಿಂಗ್ ಸುಟ್ಟು ಗಾಡಿಯೇ ಹೊತ್ತಿಕೊಳ್ಳುವ ದಾರಿ ಅದು.

ಎರೆಮಣ್ಣಿನಲ್ಲಿ ಹೂತರೆ

ಹಿರಿಯೂರು ಬಳಿಯ ಮಾರಿಕಣಿವೆ ಜಲಾಶಯ (ವಾಣಿವಿಲಾಸ ಸಾಗರ) 1933ರ ನಂತರ 2022ರಲ್ಲಿ ಮತ್ತೆ ಕೋಡಿ ಬಿತ್ತು. ನೀರು ಏರಿ ಇಳಿಯುವ ಹಿನ್ನೀರಿನ ಅಂಚಿನಲ್ಲಿ ಮೇಲೆ ಒಣಗಿ ಬಿರಿದ ನೆಲ, ಗೇಣು ಕೆಳಗೆ ಕೆಸರು. ಚಳ್ಳಕೆರೆ, ಹಿರಿಯೂರು ಕಡೆಯ ಎರೆ ಹೊಲವೂ ಒಂದು ಮಳೆ ಬಿದ್ದರೆ ಸಾಕು, ಟೈರಿನ ಗೀರುಗಳನ್ನು ತುಂಬಿ ಬೋಳು ಮಾಡುತ್ತದೆ. ಚಕ್ರ ಸುತ್ತತೊಡಗಿದ ಕೂಡಲೇ ಆಕ್ಸಿಲರೇಟರ್ ಬಿಡಿ. ಒಂದೊಂದು ಸುತ್ತಿಗೂ ಗುಂಡಿ ಆಳವಾಗುತ್ತದೆ.

ಚಕ್ರದ ಮುಂದೆ ಇಳಿಜಾರಾಗಿ ಮಣ್ಣು ತೆಗೆಯಿರಿ, ಆಕ್ಸಲ್ ನೆಲಕ್ಕೆ ಕೂತಿದ್ದರೆ ಅದರ ಕೆಳಗೂ ತೆಗೆಯಿರಿ. ಟೈರಿನ ಗಾಳಿ 18, 20 ಪಿಎಸ್ಐಗೆ ಇಳಿಸಿ. ಕಲ್ಲು, ಒಣ ಕಡ್ಡಿ, ಗೋಣಿಚೀಲ ತುರುಕಿ, ಮುಳ್ಳು ಮಾತ್ರ ಬೇಡ. ಫೋರ್ ವೀಲ್ ಲೋ ಹಾಕಿ, ಎರಡನೇ ಗೇರಿನಲ್ಲಿ ಮೆತ್ತಗೆ ಬಿಡಿ. ಟ್ರ್ಯಾಕ್ಟರ್ ಎಳೆಯಲು ಬಂದರೆ ಹಗ್ಗವನ್ನು ಚಾಸಿಯ ಕೊಕ್ಕೆಗೇ ಕಟ್ಟಿ, ಬಂಪರ್‌ಗೆ ಅಲ್ಲ. ಹಗ್ಗ ಹರಿದರೆ ಚಾಟಿಯಂತೆ ಬೀಸದಿರಲಿ ಎಂದು ಅದರ ನಡುವಿಗೆ ಒದ್ದೆ ಕಂಬಳಿ ಹಾಕಿ, ನೋಡುತ್ತಾ ನಿಂತವರನ್ನು ಹಗ್ಗದ ಉದ್ದದ ಒಂದೂವರೆ ಪಟ್ಟು ದೂರ ಕಳಿಸಿ. ಹಳ್ಳದ ನೀರಿನಲ್ಲಿ ಎಂಜಿನ್ ನಿಂತುಹೋದರೆ ಸೆಲ್ಫ್ ಹೊಡೆಯಬೇಡಿ. ನೀರು ಸಿಲಿಂಡರಿಗೆ ಹೋಗಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಳೆದು ಹೊರಗೆ ತಂದು ಏರ್ ಫಿಲ್ಟರ್ ತೆಗೆದು ನೋಡಿ. ಅದು ಒದ್ದೆಯಿದ್ದರೆ ಮೇಸ್ತ್ರಿ ಬರುವ ತನಕ ಮುಟ್ಟಬೇಡಿ.

ಗಾಡಿಯ ಕೆಳಗೆ

ಎಂಜಿನ್ನಿನ ಶಕ್ತಿಯನ್ನು ಹಿಂದಿನ ಆಕ್ಸಲ್ಲಿಗೆ ಒಯ್ಯುವ ಉದ್ದ ದಂಡವೇ ಹಿಂದಿನ ಪ್ರೊಪೆಲ್ಲರ್ ಶಾಫ್ಟು. ಅದರ ಜಾಯಿಂಟಿನ ಕ್ರಾಸ್ ಹೋದರೆ ಕಟಕಟ ಸದ್ದು, ಆಮೇಲೆ ಭಯಂಕರ ಬಡಿತ. ಚಕ್ರಗಳಿಗೆ ಕಲ್ಲು ಕೊಟ್ಟು, ಬೋಲ್ಟು ಸೇರುವ ಎರಡೂ ಫ್ಲಾಂಜಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಶಾಫ್ಟನ್ನು ಬಿಚ್ಚಿಡಿ. ಬೇಕಾದಾಗ ಮಾತ್ರ ಫೋರ್ ವೀಲ್ ಹಾಕುವ ಹಳೇ ಜೀಪುಗಳಲ್ಲಿ ಆಮೇಲೆ ಫೋರ್ ವೀಲ್ ಹಾಕಿದರೆ ಮುಂದಿನ ಚಕ್ರಗಳೇ ಎಳೆಯುತ್ತವೆ. ಕೆಲವು ಹಳೇ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕ್ ಈ ಶಾಫ್ಟಿನ ಮೇಲೇ ಕೆಲಸ ಮಾಡುತ್ತದೆ, ಶಾಫ್ಟು ಬಿಚ್ಚಿದರೆ ಹ್ಯಾಂಡ್‌ಬ್ರೇಕೂ ಇಲ್ಲ.

ಲೀಫ್ ಸ್ಪ್ರಿಂಗ್ ಪಟ್ಟಿ ತುಂಡಾದರೆ ಚಾಸಿಗೂ ಆಕ್ಸಲ್ಲಿಗೂ ನಡುವೆ ಮರದ ತುಂಡು ಕೊಟ್ಟು ಹಗ್ಗದಿಂದ ಬಿಗಿದು, ನಡಿಗೆಯ ವೇಗದಲ್ಲಿ ರಸ್ತೆ ಸೇರಬಹುದು. ಬ್ರೇಕ್ ಆಯಿಲ್ ಸೋರುತ್ತಿದ್ದರೆ, ಸ್ಟೀರಿಂಗಿನ ರಾಡ್ ಬಾಗಿ ಜಾಯಿಂಟ್ ಕಳಚಿದ್ದರೆ ಯಾವ ಉಪಾಯವೂ ಬೇಡ. ಅಲ್ಲೇ ನಿಲ್ಲಿಸಿ. ಇಲ್ಲಿ ಧೈರ್ಯ ತೋರಿಸಿದವರ ಗಾಡಿ ಕೊರಕಲಿನಲ್ಲಿ ಬಿದ್ದಿದ್ದನ್ನು ಕಂಡಿದ್ದೇನೆ. ಸಿಗ್ನಲ್ ಸಿಗುವ ಎತ್ತರಕ್ಕೆ ನಡೆದು 112ಕ್ಕೆ ಫೋನ್ ಮಾಡಿ, ಹೆದ್ದಾರಿ ಮೇಲಿದ್ದರೆ 1033. ಜಾಗ ಹೇಳಲು ಗೊತ್ತಾಗದಿದ್ದರೆ ಹತ್ತಿರದ ಗಾಳಿಯಂತ್ರದ ಕಂಬದ ಬುಡ ನೋಡಿ. ಅಲ್ಲಿ ನಂಬರ್ ಬರೆದಿದ್ದರೆ ಅದನ್ನೇ ಹೇಳಿ.

ಊರು ಮುಟ್ಟಿದ ಮೇಲೆ

ತಾತ್ಕಾಲಿಕ ಕಟ್ಟು ಚೆನ್ನಾಗಿ ನಿಂತಿದೆ ಎಂದು ವಾರಗಟ್ಟಲೆ ಓಡಿಸಬೇಡಿ. ಹೋಸು, ಬೆಲ್ಟು, ದಾರ ಹಾಕಿದ ಟೈರು, ಎಲ್ಲವನ್ನೂ ಮೇಸ್ತ್ರಿಗೆ ತೋರಿಸಿ, ಕಟ್ಟಿದ್ದನ್ನು ಅವರ ಮುಂದೆಯೇ ಬಿಚ್ಚಿಸಿ. ಯಾಕೆ ಹೋಯಿತು ಎಂದು ಅವರು ತೋರಿಸುತ್ತಾರೆ. ನನ್ನ ಹೋಸು ಸವೆಸಿದ ಬ್ರಾಕೆಟ್ಟನ್ನು ಬಗ್ಗಿಸಿ ದೂರ ಮಾಡಿದ್ದು ಹಾಗೆ ತಿಳಿದ ಮೇಲೆಯೇ. ಗಾಳಿ ಇಳಿಸಿದ್ದ ಟೈರಿಗೆ ಡಾಂಬರು ರಸ್ತೆ ಸಿಕ್ಕ ಕೂಡಲೇ ಗಾಳಿ ತುಂಬಿಸಿ, ನೀರು ಹಾಕಿದ್ದ ರೇಡಿಯೇಟರಿಗೆ ಮತ್ತೆ ಕೂಲೆಂಟ್ ಹಾಕಿಸಿ. ಆಮೇಲೆ ಪಂಚರ್ ಅಂಗಡಿಯಲ್ಲಿ ಒಂದು ಹಳೇ ಸೈಕಲ್ ಟ್ಯೂಬು ಕೇಳಿ ತಂದು, ಮೊಳದುದ್ದ ಕತ್ತರಿಸಿ, ಸೀಟಿನ ಕೆಳಗೆ ಇಡಿ.